ಆನೆ ಅಲ್ಲೇ ಇರಬೇಕಿತ್ತು

ಹೋದ ತಿಂಗಳು ರಾಜಾಜಿನಗರದಲ್ಲಿ ಒಂದು ರ‍್ಯಾಪಿಡ್ ಚೆಸ್ ಟೂರ್ನಮೆಂಟ್. ನನ್ನೆದುರು ಕೂತ ಹುಡುಗನಿಗೆ ಹತ್ತು ವರ್ಷ ಇರಬಹುದು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೊನೆಗೆ ಅವನ ಹತ್ತಿರ ರಾಜ, ಆನೆ, ಒಂದು ಕಾಲಾಳು. ಕಪ್ಪು ಕಾಯಿ ಆಡುತ್ತಿದ್ದ ನನ್ನ ಹತ್ತಿರ ರಾಜ, ಆನೆ ಅಷ್ಟೇ. ಗಡಿಯಾರದಲ್ಲಿ 40 ಸೆಕೆಂಡ್. ನನ್ನ ರಾಜ ಕಾಲಾಳಿನ ದಾರಿಗೆ ಅಡ್ಡವಾಗೇ ನಿಂತಿದ್ದ. ಡ್ರಾ ಆಗಬೇಕಾದ ಆಟ. ನಾನು ಹೆದರಿ ಆನೆಯನ್ನು ಕೊನೆ ಸಾಲಿಗೆ ಎಳೆದುಕೊಂಡೆ. ಸೋತೆ.

ಕೈ ಕುಲುಕುತ್ತಾ ಹುಡುಗ ಹೇಳಿದ: "ಅಂಕಲ್, ರೂಕ್ ಆರನೇ ರ‍್ಯಾಂಕಲ್ಲೇ ಇಟ್ಟಿದ್ರೆ ಡ್ರಾ ಆಗ್ತಿತ್ತು." ರೂಕ್ ಅಂದರೆ ಆನೆ, ರ‍್ಯಾಂಕ್ ಅಂದರೆ ಸಾಲು. ಹೇಳಿ, ಅವರಮ್ಮ ತಂದಿದ್ದ ಚಿತ್ರಾನ್ನ ತಿನ್ನಲು ಓಡಿದ.

ಅದು ಫಿಲಿಡೋರ್ ಸ್ಥಿತಿ, ಫಿಲಿಡೋರ್ ಎಂಬ ಫ್ರೆಂಚ್ ಚೆಸ್ ಆಟಗಾರನ ಹೆಸರಿನದು. 1777ರಷ್ಟು ಹಳೇದು. ನಮ್ಮ ಆನೆ ಆರನೇ ಸಾಲಿನಲ್ಲಿ (ಸಾಲು ಎಣಿಸುವುದು ಬಿಳಿ ಕಡೆಯಿಂದ) ಗೋಡೆ ಥರ ನಿಂತರೆ ಎದುರಾಳಿ ರಾಜ ಮುಂದೆ ಬರಲಾರ. ಬರಬೇಕೆಂದರೆ ಮೊದಲು ಕಾಲಾಳನ್ನು ಆರಕ್ಕೆ ತಳ್ಳಬೇಕು. ತಳ್ಳಿದ ಕೂಡಲೇ ನಮ್ಮ ಆನೆ ಸರ್ರಂತ ಒಂದನೇ ಸಾಲಿಗೆ ಇಳಿದು ಹಿಂದಿನಿಂದ ಚೆಕ್ ಕೊಡುತ್ತಾ ಹೋಗುತ್ತದೆ. ರಾಜ ಬಚ್ಚಿಟ್ಟುಕೊಳ್ಳಬಹುದಾಗಿದ್ದ ಮನೆಗೆ ಅವನದೇ ಕಾಲಾಳು ಹೋಗಿ ಕೂತಿರುತ್ತೆ. ಎಷ್ಟು ಚೆಂದ ಅಲ್ವಾ?

ಎರಡು ವರ್ಷ ಸಿಸಿಲಿಯನ್ ಡಿಫೆನ್ಸ್ ಅನ್ನೋ ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳನ್ನು ಉರು ಹೊಡೆದವನು ನಾನು. ನಮ್ಮ ಮಟ್ಟದಲ್ಲಿ ಎದುರಾಳಿ ಆರನೇ ನಡೆಗೇ ಇನ್ನೇನೋ ಆಡಿಬಿಡುತ್ತಾನೆ, ಉರು ಹೊಡೆದದ್ದೆಲ್ಲ ದಂಡ. ಮನೆಗೆ ಬಂದು ಆಟವನ್ನು ಫೋನಿನ ಚೆಸ್ ಆ್ಯಪ್‌ಗೆ ಹಾಕಿದರೆ ಅದು ಸೊನ್ನೆ ಸೊನ್ನೆ, ಅಂದರೆ ಇಬ್ಬರೂ ಸಮ ಅಂತ ತೋರಿಸುತ್ತದೆ. ರಾಜರೂ ಸೇರಿ 7 ಕಾಯಿ ಉಳಿದರೆ ಸಾಕು, ಕಂಪ್ಯೂಟರ್ ಬಳಿ ಪೂರ್ತಿ ಉತ್ತರ ಇದೆ. ಡ್ರಾ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ.

ಹಾಗಂತ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯಾಟ) ಪೂರ್ತಿ ಕಲಿಯಿರಿ ಅಂತ ನಾನು ಹೇಳಲ್ಲ. ಒಂಟೆ, ಕುದುರೆ ಎರಡರಿಂದ ಮೇಟ್ ಮಾಡುವುದು ನನಗಿನ್ನೂ ಬರಲ್ಲ. 50 ನಡೆ ಮುಗಿದು ಡ್ರಾ ಆಗುತ್ತೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬೇಕಾಗಿಲ್ಲ, ಬಿಡಿ. ಆದರೆ ಆನೆ-ಕಾಲಾಳು ಆಟ ವಾರಕ್ಕೊಮ್ಮೆ ಬರುತ್ತೆ. ಮೂರು ನಾಲ್ಕು ಸ್ಥಿತಿ ಸಾಕು, ಆದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆಡುವಂತಿರಬೇಕು. ವಿಡಿಯೋ ನೋಡಿ ತಲೆ ಆಡಿಸಿದರೆ ಬರಲ್ಲ, ನಾನು ಆಡಿಸಿ ನೋಡಿದ್ದೇನೆ.

ಈಗ ರಾತ್ರಿ ಊಟ ಆದಮೇಲೆ ಅಪ್ಪ ಕಾಲಾಳು ಕಡೆ, ನಾನು ಬರೀ ಆನೆ ಕಡೆ. ಮೊದಲ ವಾರ ಅಪ್ಪನೇ ಮೂರು ಸಲ ಗೆದ್ದರು. "ಗೋಡೆ ಕಟ್ಟು ಅಂದ್ರೆ ಓಡಾಡ್ತೀಯಲ್ಲೋ" ಅಂತ ಬೈಗುಳ ಬೇರೆ.

ರಾಜಾಜಿನಗರ, ಮಲ್ಲೇಶ್ವರ ಕಡೆ ಯಾರಾದ್ರೂ ಇದ್ರೆ ಭಾನುವಾರ ಸಂಜೆ ಸಿಗೋಣ. ಬೋರ್ಡ್ ನಾನೇ ತರ್ತೀನಿ. ಓಪನಿಂಗ್ ಆಡಲ್ಲ, ಐದೇ ಕಾಯಿ ಇಟ್ಟು ಶುರು.