ಅಜ್ಜಿಯ ಸಂಚಿ ಯಾವ ದೇಶದ್ದು?

ದಾವಣಗೆರೆಯ ನಮ್ಮ ನೆಂಟರ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು: ‘ಹ್ಯಾಂಡ್‌ಬ್ಯಾಗ್ ಬ್ರಿಟಿಷ್ ಹೆಂಗಸರ ಶೋಕಿ. ಅದಕ್ಕೂ ಮೊದಲು ನಮ್ಮ ಹೆಣ್ಮಕ್ಕಳು ಚೀಲವನ್ನೇ ಹಿಡಿದವರಲ್ಲ.’

ಇದರಲ್ಲಿ ಒಂದು ಚೂರು ನಿಜ ಇದೆ. ಈಗಿನ ಹ್ಯಾಂಡ್‌ಬ್ಯಾಗಿನ ರೂಪ ಯುರೋಪಿನದು. ಅಲ್ಲಿನ ಹೆಂಗಸರು ಮೊದಲು ಅಗಲವಾದ ಲಂಗದೊಳಗೆ ಜೇಬಿನ ಚೀಲ ಕಟ್ಟಿಕೊಳ್ಳುತ್ತಿದ್ದರು. 1790ರ ಹೊತ್ತಿಗೆ ತೆಳುವಾದ, ಮೈಗೊತ್ತುವ ಉಡುಪು ಬಂತು. ಒಳಗೆ ಚೀಲ ಕಟ್ಟಿದರೆ ಉಬ್ಬಿ ಕಾಣೋದು ಅಲ್ವಾ? ಹಾಗಾಗಿ ಅದು ಕೈಗೆ ಬಂತು. ‘ರೆಟಿಕ್ಯೂಲ್’ ಅಂತ ಹೆಸರು. ಫ್ರಾನ್ಸಿನ ಫ್ಯಾಷನ್ ಕಂಪನಿ ಶನೆಲ್‌ನ, ಹೆಗಲಿಗೆ ಹಾಕುವ ಸರಪಳಿಯ ಬ್ಯಾಗ್ ಬಂದದ್ದು 1955ರಲ್ಲಿ.

ಆದರೆ ಚೀಲ ಹೆಂಗಸರದ್ದೇ ಅನ್ನೋದು ಸುಮ್ನೆ ಮಾತು. 1991ರಲ್ಲಿ ಆಲ್ಪ್ಸ್ ಮಂಜಿನಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಳೆಯ ಶವದ ಜೊತೆ ಸೊಂಟದ ಚೀಲವೂ ಸಿಕ್ಕಿತು. ಅದರಲ್ಲಿ ಕಲ್ಲಿನ ಸಣ್ಣ ಹತಾರಗಳು, ಬೆಂಕಿ ಹೊತ್ತಿಸುವ ಅಣಬೆ. ಆತ ಗಂಡಸು!

ಇನ್ನು ನಮ್ಮ ಕಡೆ? ಎಲೆ-ಅಡಿಕೆಯ ಸಂಚಿ ಯಾರಿಗೆ ಗೊತ್ತಿಲ್ಲ? 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಕವಯಿತ್ರಿಯ ಹೆಸರೇ ಸಂಚಿ ಹೊನ್ನಮ್ಮ.

ನಮ್ಮಜ್ಜಿಯ ಸಂಚಿಗೆ ಮೂರು ಅರೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಸುಣ್ಣದ ಡಬ್ಬಿ. ಒಳಗಿನದರಲ್ಲಿ ಮಡಚಿದ ನೋಟು. ದಾರ ಎಳೆದರೆ ಬಾಯಿ ಗಪ್ಪನೆ ಮುಚ್ಚುತ್ತಿತ್ತು. ಅದರ ಫೋಟೋ ಗ್ರೂಪಿಗೆ ಹಾಕಿದೆ. ಫಾರ್ವರ್ಡ್ ಮಾಡಿದ ಚಿಕ್ಕಪ್ಪ ಕೇಳಿದ್ದು ಒಂದೇ: ‘ಒಳಗೆ ಅಡಿಕೆ ಇನ್ನೂ ಐತೇನು?’