ಹನ್ನೊಂದು ಲೇಖನ, ಒಬ್ಬ ಪ್ರೊಫೆಸರ್

ಇತಿಹಾಸದಲ್ಲಿ ಎಂ.ಎ. ಮುಗಿಸಿ ಯೂನಿವರ್ಸಿಟಿ ಮೇಷ್ಟ್ರಾಗಬೇಕು ಅಂತ ಹೊರಟವರು ಮೊದಲು ಲೆಕ್ಕ ತಿಳಿದಿರಲಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ, ಪಿಎಚ್.ಡಿ. ಇಟ್ಟುಕೊಂಡು ಸಹಾಯಕ ಪ್ರಾಧ್ಯಾಪಕರಾಗಿ ಸೇರಿದವರು ಬಡ್ತಿಯ ಮೂಲಕ ಪ್ರಾಧ್ಯಾಪಕರಾಗಲು ಕನಿಷ್ಠ 15 ವರ್ಷ ಹಿಡಿಯುತ್ತದೆ. ಹಂತದಿಂದ ಹಂತಕ್ಕೆ 4, 5, 3, ಮತ್ತೆ 3 ವರ್ಷ. ಮೂಲವೇತನ 57,700ರಿಂದ 1,44,200ರ ಹಂತಕ್ಕೆ ಏರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಎಣಿಕೆ ಶುರುವಾಗುವುದು ಕಾಯಂ ಹುದ್ದೆ ಸಿಕ್ಕ ಮೇಲೆ. ತಾತ್ಕಾಲಿಕ ಸೇವೆಯನ್ನು ಸೇರಿಸಿಕೊಳ್ಳಬೇಕಾದರೆ ಆಗ ಪಡೆದ ಸಂಬಳ ಕಾಯಂ ಮೇಷ್ಟ್ರ ಸಂಬಳಕ್ಕಿಂತ ಕಡಿಮೆ ಇರಬಾರದು ಎಂಬ ಷರತ್ತಿದೆ. ನಮ್ಮ ಅತಿಥಿ ಉಪನ್ಯಾಸಕರಲ್ಲಿ ಆ ಷರತ್ತು ದಾಟುವವರು ಯಾರು?

ಒಳಹೋಗುವ ಬಾಗಿಲು ಸಾಮಾನ್ಯವಾಗಿ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ಕರ್ನಾಟಕದ ಅರ್ಹತಾ ಪರೀಕ್ಷೆ). ಎಂ.ಎ.ಯಲ್ಲಿ 55% ಬೇಕು (ಮೀಸಲಾತಿ ವರ್ಗಗಳಿಗೆ 50%). ನೆಟ್‌ನಲ್ಲಿ 150 ಪ್ರಶ್ನೆ, 300 ಅಂಕ, 3 ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರು ಎಡವುವುದು ಬಹುಮಟ್ಟಿಗೆ ಇಲ್ಲೇ, ವಿಷಯದಲ್ಲಿ ಅಲ್ಲ. ಕೆಸೆಟ್ ಪಾಸಾದರೆ ಅರ್ಹತೆ ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ.

ಒಳಗೆ ಬಂದ ಮೇಲೆ ಬಡ್ತಿಗೆ ಯುಜಿಸಿ ಎಣಿಸುವ ಸಂಶೋಧನಾ ಅಂಕಗಳ ಪಟ್ಟಿ ನೋಡಿ. ಮಾನವಿಕ ವಿಷಯಗಳಲ್ಲಿ ಒಂದು ಸಂಶೋಧನಾ ಲೇಖನಕ್ಕೆ 10. ಇಡೀ ಪುಸ್ತಕ ಬರೆದು ರಾಷ್ಟ್ರೀಯ ಪ್ರಕಾಶಕರು ತಂದರೆ 10, ಅಂತರರಾಷ್ಟ್ರೀಯ ಪ್ರಕಾಶಕರು ತಂದರೆ 12. ಇಡೀ ಪುಸ್ತಕ ಅನುವಾದಿಸಿದರೆ 8. ಪ್ರಾಧ್ಯಾಪಕ ಹುದ್ದೆಗೆ ಬಡ್ತಿ ಸಿಗಲು ಬೇಕಾದ್ದು 110. ಅಂದರೆ ಒಬ್ಬರೇ ಬರೆದ 11 ಲೇಖನದಷ್ಟು ಅಂಕ, ಆದರೆ ಅದು ಪಟ್ಟಿಯ ಆರು ವಿಭಾಗಗಳಲ್ಲಿ ಕನಿಷ್ಠ ಮೂರರಿಂದ ಬರಬೇಕು. ಮೂರು ವರ್ಷ ಕೂತು ಒಂದು ದೊಡ್ಡ ಗ್ರಂಥವನ್ನು ಕನ್ನಡಕ್ಕೆ ತಂದವರಿಗೆ, ಒಂದು ರಜೆಯಲ್ಲಿ ಎಂಟು ಪುಟ ಬರೆದು ಮುಗಿಸಿದವರಿಗಿಂತ ಎರಡಂಕ ಕಡಿಮೆ! ಶಾಸನ ಓದಿದ್ದಕ್ಕೆ, ಕಡತ ಸಂಪಾದಿಸಿದ್ದಕ್ಕೆ ಅಂತ ಬೇರೆ ಸಾಲೇ ಇಲ್ಲ. ನನ್ನ ತಕರಾರು ಇಷ್ಟೇ: ಇತಿಹಾಸದ ಕೆಲಸ ಎಲ್ಲಿ ನಿಧಾನವೋ ಅಲ್ಲಿ ಈ ಪಟ್ಟಿ ಕುರುಡು.

ಎಷ್ಟು ನಿಧಾನ ಅಂತೀರಾ? ಒಂದು ಶಾಸನದ ಕಲ್ಲಿನ ಪಡಿಯಚ್ಚು (ಕಾಗದದ ಮೇಲೆ ಅಕ್ಷರಗಳ ಅಚ್ಚು) ತೆಗೆಯುವುದನ್ನೇ ತೆಗೆದುಕೊಳ್ಳಿ. ಸಂರಕ್ಷಿತ ಸ್ಮಾರಕವಾದರೆ ಮೊದಲು ಇಲಾಖೆಯ ಅನುಮತಿ. ಆಮೇಲೆ ನೀರು ಹಾಕಿ, ಬ್ರಷ್‌ನಿಂದ ಪಾಚಿ, ಮಣ್ಣು ತೆಗೆಯಬೇಕು. ಕಬ್ಬಿಣದ ತಂತಿ ಬ್ರಷ್ ಮುಟ್ಟಲೇಬಾರದು, ಅಕ್ಷರದ ಅಂಚು ಹೋಗುತ್ತದೆ. ಒದ್ದೆ ಕಾಗದ ಅಂಟಿಸಿ, ಗುಳ್ಳೆ ಉಳಿಯದಂತೆ ಬ್ರಷ್‌ನಿಂದ ತಟ್ಟಿ ಅಕ್ಷರದ ಗುಳಿಯೊಳಕ್ಕೆ ಇಳಿಸಬೇಕು. ಅರೆ ಒಣಗಿದಾಗ ಮಸಿ ಹಚ್ಚಿದ ಬಟ್ಟೆಯುಂಡೆಯಿಂದ ಮೆಲ್ಲಗೆ ತಟ್ಟಬೇಕು. ಅವಸರಪಟ್ಟರೆ ಮಸಿ ಹರಡಿ ಗುಳಿ ತುಂಬುತ್ತದೆ, ತಡ ಮಾಡಿದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ. ಗಾಳಿ ಬೀಸುವ ಮಧ್ಯಾಹ್ನ ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಕಾಲನಿರ್ಣಯ. ಶಕ ವರ್ಷಕ್ಕೆ 78 ಕೂಡಿಸಿದರೆ ಮುಗಿಯಿತು ಅಂದುಕೊಂಡವರು ಬಹಳ. ಬಾದಾಮಿಯ ವೈಷ್ಣವ ಗುಹೆಯ ಚಾಲುಕ್ಯ ಮಂಗಲೇಶನ ಶಾಸನ ಶಕ 500 ಕಳೆದಿತ್ತು ಎಂದು ಹೇಳುತ್ತದೆ, ತಿಥಿ ಕಾರ್ತಿಕ ಹುಣ್ಣಿಮೆ. ಅದು ಗತವರ್ಷ, ಅಂದರೆ ಮುಗಿದ ವರ್ಷಗಳ ಎಣಿಕೆ, ಹಾಗಾಗಿ ಕ್ರಿ.ಶ. 578 ಸರಿಹೋಗುತ್ತದೆ. ಅದೇ ವರ್ತಮಾನ (ನಡೆಯುತ್ತಿರುವ) ವರ್ಷವಾಗಿದ್ದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕಿತ್ತು. ಪುಷ್ಯ, ಮಾಘ, ಫಾಲ್ಗುಣದ ತಿಥಿ ಜನವರಿಗೆ ಕಾಲಿಟ್ಟಿದ್ದರೆ 79 ಕೂಡಿಸಬೇಕು. ಸಂವತ್ಸರ, ತಿಥಿ, ವಾರ ಮೂರನ್ನೂ ಪಂಚಾಂಗಕ್ಕೆ ಹೊಂದಿಸಿ ನೋಡದೆ ತಾರೀಖು ಬರೆಯುವುದು ಊಹೆ ಅಷ್ಟೇ.

ಇದನ್ನೆಲ್ಲ ಕೆಲಸ ಸಿಕ್ಕ ಮೇಲೆ ಕಲಿಯೋಣ ಅಂದರೆ ಆಗುವುದಿಲ್ಲ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ. ಮೇಲೆ ಮೌಲ್ಯಮಾಪನ, ಪ್ರವೇಶಾತಿ, ನ್ಯಾಕ್ (ಗುಣಮಟ್ಟ ಮಾನ್ಯತೆ) ಕಡತ. ಆದ್ದರಿಂದ ಪಿಎಚ್.ಡಿ. ನೋಂದಣಿಯ ಮೊದಲ ವರ್ಷವೇ ಒಂದು ಲಿಪಿ ಅಥವಾ ಭಾಷೆ ಹಿಡಿಯಿರಿ. ಪ್ರಾಚೀನ ಕಾಲಕ್ಕೆ ಹಳಗನ್ನಡ ಲಿಪಿ ಮತ್ತು ಸಂಸ್ಕೃತ, ಆದಿಲ್‌ಶಾಹಿಗೆ ಪರ್ಷಿಯನ್, ಪೇಶ್ವೆ ಕಾಲದ ಧಾರವಾಡ ಸೀಮೆಗೆ ಮರಾಠಿ ಕಡತಗಳ ಮೋಡಿ ಲಿಪಿ. ಎಲ್ಲವನ್ನೂ ಹಿಡಿಯಲು ಹೋದವರಿಗೆ ಒಂದೂ ದಕ್ಕಿದ್ದು ಕಡಿಮೆ. ವಿಷಯ ಆಯ್ಕೆಯೂ ಅದಕ್ಕೆ ತಕ್ಕ ಹಾಗಿರಲಿ. 'ಜಿಲ್ಲೆಯ ಸಾಂಸ್ಕೃತಿಕ ಅಧ್ಯಯನ' ಅಂತ ಇಟ್ಟುಕೊಂಡರೆ ಗೆಜೆಟಿಯರ್ ನಕಲಾಗುತ್ತದೆ. ಒಂದು ಅಗ್ರಹಾರ, ಒಂದು ಕೆರೆಯ ದತ್ತಿ, ಒಂದು ಸುಂಕದ ಹೆಸರು ಸಾಕು.

ಕೊನೆಯದಾಗಿ ಜಂಟಿ ಲೇಖನದ ವಿಷಯ. ಇಬ್ಬರು ಬರೆದರೆ ಇಬ್ಬರಿಗೂ 70%, ಅಂದರೆ ತಲಾ 7. ಮೂವರಾದರೆ ಮುಖ್ಯ ಲೇಖಕರಿಗೆ 70%, ಉಳಿದವರಿಗೆ ತಲಾ 30%. ಊರೂರು ಸುತ್ತಿ ಕಲ್ಲು ಓದಿಕೊಟ್ಟ ಶಾಸನತಜ್ಞರ ಪಾಲಿಗೆ 3 ಅಂಕ ಬರುವುದು, ಇಲ್ಲವೇ ಅವರ ಹೆಸರು ಅಡಿಟಿಪ್ಪಣಿಗೆ ಇಳಿಯುವುದು ಹೀಗೆ. ಯಾರ ಜೊತೆ ಕ್ಷೇತ್ರಕಾರ್ಯಕ್ಕೆ ಹೋಗುತ್ತೀರೋ ಅವರ ಜೊತೆ ಲೇಖಕರ ಹೆಸರಿನ ಕ್ರಮವನ್ನು ಹೊರಡುವ ಮೊದಲೇ ಮಾತಾಡಿ, ಬರೆದಿಟ್ಟುಕೊಳ್ಳಿ.