ಸಹಿ ಹಾಕೋ ಮುಂಚೆ ಓದಿಸ್ಕೊಳ್ಳಿ

ಪಿತ್ರಾರ್ಜಿತ ಆಸ್ತೀಲಿ ಹೆಣ್ಮಕ್ಕಳಿಗೂ ಸಮಪಾಲು ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಲ್ಲ ಸರ್, ತುಂಬಾ ಒಳ್ಳೇದಾಯ್ತು. ನಮ್ ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲೇ ತಿದ್ದುಪಡಿ ಬಂದಿತ್ತು, ಆದ್ರೆ ಅದಕ್ಕೆ ಮುಂಚೆ ಮದುವೆ ಆದೋರಿಗೆ ಆ ಹಕ್ಕು ಇರ್ಲಿಲ್ಲ, ನಮ್ಮ ದೊಡ್ಡಮ್ಮ ಅದನ್ನೇ ನಂಬ್ಕೊಂಡು ಸುಮ್ನಿದ್ರು. 2005ರ ಕೇಂದ್ರದ ತಿದ್ದುಪಡೀಲಿ ಆ ಭೇದ ಹೋಯ್ತು, 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು ಅಪ್ಪ 2005ಕ್ಕೆ ಮುಂಚೆನೇ ತೀರ್ಕೊಂಡಿದ್ರೂ ಮಗಳಿಗೆ ಹುಟ್ಟಿನಿಂದ್ಲೇ ಹಕ್ಕಿದೆ ಅಂತ ಹೇಳ್ತು. 2004 ಡಿಸೆಂಬರ್ 20ಕ್ಕೆ ಮುಂಚೆನೇ ರಿಜಿಸ್ಟರ್ ಆಗಿ ಪಾಲಾಗಿದ್ರೆ ಅದನ್ನ ಅಲ್ಲಾಡ್ಸೋಕಾಗಲ್ಲ. ದಯವಿಟ್ಟು ಅಕ್ಕಂದಿರೇ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಯಾರೇ ಕರೆದ್ರೂ ಪತ್ರ ಪೂರ್ತಿ ಓದಿಸ್ಕೊಂಡೇ ಸಹಿ ಮಾಡಿ. ದೊಡ್ಡಮ್ಮಂಗೆ ಪೌತಿ ಖಾತೆಗೆ (ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಮಾಡೋದು) ಅಂತ ಹೇಳಿ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದು ಹಕ್ಕು ಬಿಡುಗಡೆ ಪತ್ರ, ಅಂದ್ರೆ ತನ್ನ ಪಾಲು ಬಿಟ್ಕೊಟ್ಟೆ ಅನ್ನೋ ಪತ್ರ, ಆವತ್ತು ಕೊಟ್ಟ ಸೀರೆನ ಅವ್ರು ಇವತ್ತಿಗೂ ಉಟ್ಟಿಲ್ಲ.